ಚಿಕ್ಕ ಮೊಮ್ಮಕ್ಕಳೊಂದಿಗೆ ಹಡಗಿನ ಪ್ರವಾಸ: ಹೋಗಿ ಬಂದವರ ಅನುಭವಗಳು

ಕೇಳಿದವರು, ಕಲಬುರಗಿ

ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಮುಂಬೈಯಿಂದ ಹಡಗಿನಲ್ಲಿ ಪ್ರವಾಸ ಹೋಗಬೇಕೆಂದಿದ್ದೇವೆ. ನಾನು ಮತ್ತು ನನ್ನ ಪತ್ನಿ, ಮಗ-ಸೊಸೆ, ಮಗಳು-ಅಳಿಯ, ಮೂವರು ಮೊಮ್ಮಕ್ಕಳು. ಒಟ್ಟು ಒಂಬತ್ತು ಜನ. ಮಕ್ಕಳ ವಯಸ್ಸು ಏಳು, ನಾಲ್ಕು ಮತ್ತು ಒಂದೂವರೆ. ಪತ್ನಿಗೆ ಮಂಡಿನೋವಿದೆ. ನಮ್ಮಲ್ಲಿ ಯಾರೂ ಇದುವರೆಗೆ ಹಡಗು ಹತ್ತಿದವರಲ್ಲ. ಗೋವಾಕ್ಕೆ ಹೋಗುವುದೋ ಲಕ್ಷದ್ವೀಪಕ್ಕೋ, ಯಾವ ಬಗೆಯ ಕೋಣೆ ಹಿಡಿಯಬೇಕು, ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ, ಕಲಬುರಗಿಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರಿಂದ

ಸರ್, ನಾವು ಒಂದು ಡಿಸೆಂಬರಿನಲ್ಲಿ ಐದು ವರ್ಷದ ಮೊಮ್ಮಗಳು ಮತ್ತು ಎರಡು ತುಂಬಿದ ಮೊಮ್ಮಗನನ್ನು ಕರೆದುಕೊಂಡು ಮುಂಬೈಯಿಂದ ಗೋವಾಕ್ಕೆ ಹೋಗಿ ಅದೇ ಹಡಗಿನಲ್ಲಿ ಮರಳಿದೆವು. ನೀವು ಊರಿನ ಬಗ್ಗೆ ಮೊದಲು ಕೇಳಿದ್ದೀರಿ, ಕೋಣೆಯ ಬಗ್ಗೆ ಆಮೇಲೆ. ನನ್ನನ್ನು ಕೇಳಿದರೆ ಕೋಣೆಯೇ ಮೊದಲು. ಒಂದೂವರೆ ವರ್ಷದ ಮಗು ಮಧ್ಯಾಹ್ನ ಎರಡು ಗಂಟೆ ಮಲಗುತ್ತದೆ, ರಾತ್ರಿ ಎಂಟೂವರೆಗೆ ಕಣ್ಣು ಮುಚ್ಚುತ್ತದೆ. ಹಡಗಿನಲ್ಲಿ ಹಾಡು, ನೃತ್ಯ, ಜಾದೂ ಪ್ರದರ್ಶನ ಎಲ್ಲ ಶುರುವಾಗುವುದೇ ಆ ಹೊತ್ತಿಗೆ. ಆಗ ಯಾರಾದರೊಬ್ಬರು ಕೋಣೆಯಲ್ಲಿ ಮಗುವಿನ ಹತ್ತಿರ ಇರಲೇಬೇಕು, ಮತ್ತು ಆ ಒಬ್ಬರು ಯಾರೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಅದು ಅಜ್ಜಿಯೇ ಆಗಿಬಿಡುತ್ತಾರೆ. ನಮ್ಮಲ್ಲಿ ಹಾಗೆಯೇ ಆಯಿತು. ಮೊದಲ ರಾತ್ರಿ ನನ್ನ ಹೆಂಡತಿ ಕಿಟಕಿಯೂ ಇಲ್ಲದ ಕೋಣೆಯಲ್ಲಿ ದೀಪ ಆರಿಸಿಕೊಂಡು ಮೂರು ತಾಸು ಕುಳಿತಿದ್ದಳು. ಹಡಗಿನ ಬಗ್ಗೆ ಯಾರು ಕೇಳಿದರೂ ಆಕೆ ಇಂದಿಗೂ ಮೊದಲು ಹೇಳುವುದು ಆ ಕತ್ತಲೆಯನ್ನೇ.

ಕೋಣೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ: ಕಿಟಕಿ ಇಲ್ಲದ ಒಳಕೋಣೆ, ತೆರೆಯಲಾಗದ ಕಿಟಕಿಯಿಂದ ಸಮುದ್ರ ಕಾಣುವ ಕೋಣೆ, ಬಾಲ್ಕನಿ ಇರುವ ಕೋಣೆ. ಒಳಕೋಣೆ ಅಗ್ಗ, ಕತ್ತಲಾಗಿರುವುದರಿಂದ ಮಕ್ಕಳು ಬೆಳಿಗ್ಗೆ ಎಂಟರವರೆಗೂ ಮಲಗುತ್ತಾರೆ, ಇದು ನಾವು ಎಣಿಸಿರದ ಲಾಭ. ಆದರೆ ಹಿರಿಯರಿಗೆ ಉಸಿರು ಕಟ್ಟಿದಂತಾಗುತ್ತದೆ. ಬಾಲ್ಕನಿ ಚಂದವೇ, ಆದರೆ ಕುರ್ಚಿ ಎಳೆದು ಹತ್ತುವುದನ್ನು ಕಲಿತ ನಾಲ್ಕು ವರ್ಷದ ಮಗು ಇರುವಾಗ ನಾನಂತೂ ಅದನ್ನು ಹಿಡಿಯುವುದಿಲ್ಲ. ಹಿಡಿದರೂ ಕುರ್ಚಿಗಳನ್ನು ಒಳಗೆ ತಂದು, ಬಾಗಿಲಿಗೆ ಯಾವಾಗಲೂ ಚಿಲಕ ಹಾಕಿರಬೇಕು. ನಿಮಗೆ ನನ್ನ ಸಲಹೆ ಏನೆಂದರೆ, ನೀವಿಬ್ಬರು ಕಿಟಕಿಯ ಕೋಣೆ ಹಿಡಿಯಿರಿ, ಮಕ್ಕಳಿರುವ ದಂಪತಿಗಳು ಪಕ್ಕದ ಒಳಕೋಣೆ ಅಥವಾ ಕಿಟಕಿಯ ಕೋಣೆ ಹಿಡಿಯಲಿ. ಕೋಣೆಯ ಸಂಖ್ಯೆಗಳನ್ನು ಟಿಕೆಟಿನಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕಟ್ಟಿರಿ. ನಮ್ಮ ಏಜೆಂಟರು "ಎಲ್ಲಾ ಬಾಜೂಕ ಬಾಜೂಕ ಬರ್ತಾವ್ರೀ" ಎಂದಿದ್ದರು. ಹತ್ತಿದ ಮೇಲೆ ನೋಡಿದರೆ ಮಗನ ಕೋಣೆ ನಮ್ಮದಕ್ಕಿಂತ ಎರಡು ಅಂತಸ್ತು ಮೇಲಿತ್ತು. ಹಾಲಿನ ಬಾಟಲಿ ಒಂದು ಕಡೆ, ಮಗು ಒಂದು ಕಡೆ. ಲಿಫ್ಟಿನ ಮುಂದೆ ಕಾಯುವುದರಲ್ಲೇ ನನ್ನ ಅರ್ಧ ಪ್ರವಾಸ ಮುಗಿಯಿತು.

ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಸಿಕ್ಕರೆ ಒಳ್ಳೆಯದು. ಬಸ್ಸಿನ ಹಿಂದಿನ ಸೀಟಿನವರು ಎಗರಿ ಬೀಳುವಾಗ ನಡುವಿನ ಸೀಟಿನವರು ನೆಮ್ಮದಿಯಾಗಿ ತೂಕಡಿಸುವುದನ್ನು ನೀವೂ ಕಂಡಿರುತ್ತೀರಿ; ಹಡಗಿನ ಓಲಾಟವೂ ಹಾಗೆಯೇ ತುದಿಗಳಲ್ಲಿ ಮತ್ತು ಮೇಲಂತಸ್ತುಗಳಲ್ಲಿ ಹೆಚ್ಚು. ಮಂಡಿನೋವಿನವರಿಗೆ ಲಿಫ್ಟಿಗೆ ಹತ್ತಿರದ ಕೋಣೆಯನ್ನು ಕೇಳಿ. ಗೋಡೆಯಿಂದ ಮಡಚಿ ಇಳಿಸುವ ಮೇಲಿನ ಮಂಚದಲ್ಲಿ ನಾಲ್ಕು ವರ್ಷದವನನ್ನು ಮಲಗಿಸಬೇಡಿ. ಚಿಕ್ಕ ಮಗುವಿಗೆ ಕಟಕಟೆ ಇರುವ ತೊಟ್ಟಿಲು-ಮಂಚ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಕೇಳಬೇಕು.

ಹಡಗು ಹೊರಡುವ ಮೊದಲು ಒಂದು ಸುರಕ್ಷತಾ ಕವಾಯತು ಇರುತ್ತದೆ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ 'ಕೋಸ್ಟಾ ಕಾನ್ಕಾರ್ಡಿಯಾ' ಹಡಗು ಬಂಡೆಗೆ ಬಡಿದು ವಾಲಿದ ಮೇಲೆ, ಹೊಸದಾಗಿ ಹತ್ತಿದವರಿಗೆಲ್ಲ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಕವಾಯತು ಆಗಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದಿದೆ. ಅಪಾಯದ ಸೂಚನೆ ಎಂದರೆ ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ. ನನ್ನ ಮೊಮ್ಮಗಳು ಕಿವಿ ಮುಚ್ಚಿಕೊಂಡೇ ಬೆರಳು ಮಡಚಿ ಎಣಿಸಿದಳು, ಎಂಟನೆಯದು ನಿಲ್ಲದೆ ಕೂಗತೊಡಗಿದಾಗ "ಮುತ್ಯಾ, ಇದು ಮುಗೀಲಾಕೇ ಒಲ್ಲದು" ಎಂದು ನನ್ನ ಪಂಚೆ ಹಿಡಿದು ನಿಂತಳು. ನಗು ಬಂದರೂ ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದಿದೆ: ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ನಿಮ್ಮ ಕೋಣೆಯಲ್ಲಿದೆಯೇ, ಕೂಡುವ ಸ್ಥಳದಲ್ಲಿದೆಯೇ ಎಂದು ಸಿಬ್ಬಂದಿಯನ್ನು ಅಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ದೊಡ್ಡವರ ಜಾಕೆಟಿನಿಂದ ಚಿಕ್ಕವರು ಜಾರಿ ಹೋಗುತ್ತಾರೆ.

ಇನ್ನು ನಮ್ಮದೇ ತಪ್ಪು. ಮಕ್ಕಳಿಗೆಂದು ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ತಪಾಸಣೆಯಲ್ಲಿ ಬಿಟ್ಟು ಬರಬೇಕಾಯಿತು. ಹೊರಗಿನ ತಿಂಡಿ ತರಬಾರದೆಂದು ಟಿಕೆಟಿನಲ್ಲಿ ಬರೆದಿತ್ತು, ನಾವು ಓದಿರಲಿಲ್ಲ. ಹಸುಗೂಸಿನ ಡಬ್ಬದ ಆಹಾರಕ್ಕೆ ತಡೆ ಇರಲಿಲ್ಲ. ಹಡಗಿನಲ್ಲಿ ಸಸ್ಯಾಹಾರವೇನೋ ಸಾಕಷ್ಟಿತ್ತು, ಮೊಮ್ಮಗ ಮಾತ್ರ ಮೂರು ದಿನವೂ ಮೊಸರನ್ನ ಬಿಟ್ಟು ಬೇರೆ ಮುಟ್ಟಲಿಲ್ಲ. ಈಜುಕೊಳದ ಆಸೆ ತೋರಿಸಿ ಮಕ್ಕಳನ್ನು ಕರೆದೊಯ್ಯಬೇಡಿ: ಡೈಪರ್ ಬಿಡದ ಮಕ್ಕಳನ್ನು ಹಡಗುಗಳಲ್ಲಿ ಸಾಮಾನ್ಯವಾಗಿ ಕೊಳಕ್ಕೆ ಇಳಿಸುವುದಿಲ್ಲ.

ಉತ್ತರ, ಬೀದರ್‌ನ ಒಬ್ಬ ನಿವೃತ್ತ ಶುಶ್ರೂಷಕಿಯಿಂದ

ಅಣ್ಣನವರು ಕೋಣೆಯ ಬಗ್ಗೆ ಹೇಳಿದ್ದು ಸರಿ. ನಾನು ವಾಂತಿ ಮತ್ತು ಔಷಧಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಾನೂ ನನ್ನ ಮಗಳ ಮಕ್ಕಳೊಂದಿಗೆ ಹಡಗಿನಲ್ಲಿ ಹೋಗಿ ಬಂದಿದ್ದೇನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ಎರಡರಿಂದ ಹನ್ನೆರಡರವರೆಗಿನವರಿಗೆ ಹೆಚ್ಚು. ಆದ್ದರಿಂದ ನಿಮ್ಮ ಕೂಸಿಗಿಂತ ಏಳು ವರ್ಷದವರ ಕಡೆಗೆ ಹೆಚ್ಚು ಗಮನವಿರಲಿ. ಕಾರಿನಲ್ಲಿ ಹುಮನಾಬಾದಿಗೆ ಹೋಗುವಷ್ಟರಲ್ಲೇ ಹೊಟ್ಟೆ ತೊಳಸುವ ಮಗುವಾದರೆ ಊರಿನಲ್ಲೇ ಮಕ್ಕಳ ವೈದ್ಯರನ್ನು ಕಂಡು ಮಾತ್ರೆ ಮತ್ತು ಅದರ ಪ್ರಮಾಣವನ್ನು ಬರೆಸಿಕೊಂಡು ಹೋಗಿ. ಮನೆಯಲ್ಲಿ ದೊಡ್ಡವರು ನುಂಗುವ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಅಭ್ಯಾಸ ನಮ್ಮ ಕಡೆ ಬಹಳವಿದೆ. ಈ ಮಾತ್ರೆಗಳಲ್ಲಿ ಹೆಚ್ಚು ಬಳಕೆಯ ಪ್ರೊಮೆಥಜೀನನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆಯಾಗಬಹುದು. ವಯಸ್ಸಾದವರಿಗೆ ಅದರಿಂದ ಮಂಪರು ಬಂದು, ಓಲಾಡುವ ನೆಲದ ಮೇಲೆ ಕಾಲು ತಪ್ಪುವ ಭಯವಿರುವುದರಿಂದ ಮಂಡಿನೋವಿನ ಅಕ್ಕನವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಯಾವ ಮಾತ್ರೆಯಾದರೂ ಹೊಟ್ಟೆ ತೊಳಸುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ನಮ್ಮ ಎರಡನೆಯ ರಾತ್ರಿ ಗಾಳಿ ಜೋರಾಗಿ, ಮೇಜಿನ ಮೇಲಿದ್ದ ಸ್ಟೀಲ್ ಲೋಟ ತಾನಾಗಿಯೇ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಿ ಹೋಗಿ ಮತ್ತೆ ಮರಳಿ ಬರುತ್ತಿತ್ತು. ದೊಡ್ಡ ಮೊಮ್ಮಗ ಮೊಬೈಲಿನಲ್ಲಿ ಆಟವಾಡುತ್ತಿದ್ದವನು ಬಿಳಿಚಿಕೊಂಡ. ಮೊಬೈಲ್ ಕಸಿದು, ಮೇಲಿನ ತೆರೆದ ಅಂಗಳಕ್ಕೆ ಕರೆದೊಯ್ದು, ದೂರದ ಒಂದು ದೋಣಿಯ ದೀಪವನ್ನು ತೋರಿಸಿ ಅದನ್ನೇ ನೋಡುತ್ತಿರು ಎಂದೆ. ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡ. ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳಿದಾಗ ಬರುವ ತೊಂದರೆ ಇದು. ಅಲುಗದ ದೂರದ ವಸ್ತುವನ್ನು ನೋಡಿದರೆ ಎರಡೂ ಒಂದಾಗುತ್ತವೆ.

ಊಟಕ್ಕೆ ಮುಂಚೆ ಮಕ್ಕಳ ಕೈಗಳನ್ನು ಸಾಬೂನು ಹಚ್ಚಿ ತೊಳೆಸಿ. ಹಡಗುಗಳಲ್ಲಿ ಹರಡುವ ನೋರೋವೈರಸ್ ವಾಂತಿ-ಭೇದಿಗೆ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಜ್ವರದ ಸಿರಪ್, ಓಆರ್‌ಎಸ್ ಪುಡಿ, ನಿಮ್ಮ ರಕ್ತದೊತ್ತಡ-ಸಕ್ಕರೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರಲು ಸಂಜೆಯಾಗಬಹುದು. ಹಡಗಿನ ವೈದ್ಯರು ಇರುತ್ತಾರೆ, ಶುಲ್ಕ ಬೇರೆ.

ಉತ್ತರ, ಯಾದಗಿರಿಯ ಒಬ್ಬ ಸೊಸೆಯಿಂದ

ಹಿರಿಯರು ಬೇಸರ ಮಾಡಿಕೊಳ್ಳಬಾರದು, ಮಕ್ಕಳ ತಾಯಿಯಾಗಿ ಒಂದು ಮಾತು. ನಾವು ಹೋದಾಗ ಪಾಳಿ ಹಚ್ಚಿಕೊಂಡಿದ್ದೆವು: ಮೊದಲ ರಾತ್ರಿ ನಾನು, ಎರಡನೆಯ ರಾತ್ರಿ ನನ್ನ ಯಜಮಾನರು, ಮೂರನೆಯ ರಾತ್ರಿ ಅತ್ತೆ-ಮಾವ ತಾವಾಗಿಯೇ ಕೇಳಿ ಪಡೆದದ್ದು. ಹೊರಡುವ ಮುನ್ನ ಮನೆಯಲ್ಲೇ ಇದು ತೀರ್ಮಾನವಾಗಿದ್ದರಿಂದ ಹಡಗಿನಲ್ಲಿ ಯಾರೂ ಯಾರ ಮುಖ ನೋಡಬೇಕಾಗಲಿಲ್ಲ. ಇನ್ನೊಂದು, ದಡ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಹಡಗಿನ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಬಿಲ್ಲು ವಿಪರೀತ ಬರಬಹುದಾದ್ದರಿಂದ ಎಲ್ಲರೂ ಏರೋಪ್ಲೇನ್ ಮೋಡ್ ಹಾಕಿರಿ, ಮತ್ತು ಎಷ್ಟು ಗಂಟೆಗೆ ಎಲ್ಲಿ ಸೇರಬೇಕೆಂದು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದುಕೊಳ್ಳಿ.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದಗಳು. ಪಾಳಿಯ ಮಾತು ಮನೆಯಲ್ಲಿ ಈಗಾಗಲೇ ಓದಿ ಹೇಳಿದ್ದೇನೆ. ಲಕ್ಷದ್ವೀಪದ ಬಗ್ಗೆ ಮತ್ತು ಮುಂಬೈ ತಲುಪುವ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ, ಮೊದಲಿನ ನಿವೃತ್ತ ಬ್ಯಾಂಕ್ ನೌಕರರಿಂದ

ಸರ್, ಈ ಸಲ ಲಕ್ಷದ್ವೀಪ ಬೇಡ. ಅಗತ್ತಿಯಂಥ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಇಳಿಸುತ್ತಾರೆ. ಏರಿಳಿಯುವ ದೋಣಿಗೆ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು, ಮಂಡಿನೋವಿನವರ ಕೈ ಹಿಡಿದು ದಾಟುವುದು ಸುಲಭವಲ್ಲ, ಗಾಳಿ ಹೆಚ್ಚಾದರೆ ಇಳಿಸುವುದೇ ಇಲ್ಲ. ಪ್ರವೇಶದ ಪರವಾನಗಿಯೂ ಬೇಕು. ದಸರೆಯ ಬದಲು ಡಿಸೆಂಬರಿಗೆ ಮುಂದೂಡಲು ಸಾಧ್ಯವಾದರೆ ಮುಂದೂಡಿ. ಮುಂಗಾರಿನ ನಾಲ್ಕು ತಿಂಗಳು ಅರಬ್ಬಿ ಸಮುದ್ರ ಒರಟಾಗಿರುತ್ತದೆ, ಪೂರ್ತಿ ಶಾಂತವಾಗಲು ಸ್ವಲ್ಪ ಕಾಲ ಬೇಕು.

ಕಲಬುರಗಿಯಿಂದ ಉದ್ಯಾನ್ ಅಥವಾ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹಿಡಿದರೆ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯಬಹುದು, ಬಂದರು ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತಿರ. ಆದರೆ ಹಡಗು ಹೊರಡುವ ದಿನವೇ ತಲುಪುವ ರೈಲನ್ನು ನಂಬಬೇಡಿ, ಒಂದು ದಿನ ಮುಂಚೆ ಹೋಗಿ ಉಳಿದುಕೊಳ್ಳಿ. ಹೊರಡುವುದಕ್ಕೆ ಕೆಲವು ತಾಸು ಮೊದಲೇ ಬಾಗಿಲು ಮುಚ್ಚುತ್ತಾರೆ. ಐದು ವರ್ಷದೊಳಗಿನ ಇಬ್ಬರಿಗೂ ನೀಲಿ ಬಣ್ಣದ ಬಾಲ ಆಧಾರ್ ಮಾಡಿಸಿ, ಟಿಕೆಟಿನಲ್ಲಿ ಹೆಸರು ಅದರಲ್ಲಿ ಇರುವಂತೆಯೇ ಬರಲಿ. ನಮ್ಮ ಮೊಮ್ಮಗನ ಟಿಕೆಟಿನಲ್ಲಿ ಮನೆಯಲ್ಲಿ ಕರೆಯುವ ಹೆಸರು ಬಿದ್ದು, ಕೌಂಟರಿನಲ್ಲಿ ಮುಕ್ಕಾಲು ತಾಸು ನಿಂತೆವು. ಜನನ ಪ್ರಮಾಣಪತ್ರದ ಪ್ರತಿ ಜೇಬಿನಲ್ಲಿದ್ದುದರಿಂದ ಬಚಾವಾದೆವು.