ಸುಮಾ, ನಾಲ್ಕು ಜಾಗ ಓಡಾಡಬೇಡ

ಸುಮಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಬರೋ ಭಾನುವಾರ ನಿಮ್ಮಿಬ್ಬರ ಪ್ರಿ-ವೆಡ್ಡಿಂಗ್ ಶೂಟ್, ಬೆಳಿಗ್ಗೆ ಬೀದರ್ ಕೋಟೆ, ಆಮೇಲೆ ಗವಾನ್ ಮದರಸಾ, ಅಷ್ಟೂರು, ಸಂಜೆಗೆ ಕಲಬುರಗಿಗೆ ಬಂದು ಹಫ್ತ್ ಗುಂಬಜ್, ಐದು ಡ್ರೆಸ್ಸು, ಅದರ ಮೇಲೆ ಡ್ರೋನ್. ಏನೇನು ತಯಾರಿ ಮಾಡ್ಕೋಬೇಕು ಅಕ್ಕಾ ಅಂತ ಕೇಳಿದ್ದೀಯ. ಕೆಳಗೆ ಕಾಕಾ ಇದೆಲ್ಲ ಯಾಕೆ ಬೇಕು ಅಂದಿದ್ದಾರೆ. ಇಬ್ಬರಿಗೂ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲು ಆ ನಾಲ್ಕು ಜಾಗದ ಪಟ್ಟಿ ಬಿಡು. ಬೀದರಿಂದ ಕಲಬುರಗಿಗೇ ನೂರು ಕಿಲೋಮೀಟರ್ ಮೇಲೆ ಇದೆ, ಅರ್ಧ ದಿನ ಗಾಡಿಯಲ್ಲೇ ಹೋಗುತ್ತೆ. ನಾನು ಮೇಕಪ್ಪಿಗೆ ಹೋಗೋ ಶೂಟುಗಳಲ್ಲಿ ನೋಡ್ತಾನೇ ಇರ್ತೀನಿ. ಬೆಳಿಗ್ಗೆ ಮೊದಲ ಒಂದೆರಡು ತಾಸಿನಲ್ಲಿ ತೆಗೆದ ಫೋಟೋನೇ ಕೊನೆಗೆ ಆಲ್ಬಮ್ಮಿಗೆ ಬರೋದು. ಆಮೇಲಿನವು, ಗಾಡಿ ಹತ್ತಿ ಇಳಿದು, ಸೀರೆ ಬಿಚ್ಚಿ ಇನ್ನೊಂದು ಉಟ್ಟು, ಹೊಟ್ಟೆ ಹಸಿದು, ಇಬ್ಬರೂ ಸಣ್ಣಗೆ ಜಗಳ ಆಡಿ, ಮುಖ ಬಾಡಿದ ಮೇಲೆ ತೆಗೆದವು. ಕ್ಯಾಮೆರಾ ಎಷ್ಟೇ ದೊಡ್ಡದಿದ್ದರೂ ಅದು ಮುಚ್ಚಲ್ಲ. ಬೀದರ್ ಕೋಟೆ ಒಂದೇ ಸಾಕು, ಎರಡೇ ಬಟ್ಟೆ ಸಾಕು. ಆ ಕೋಟೆ ಏನು ಸಣ್ಣದಾ, ಇಡೀ ದಿನ ಅಡ್ಡಾಡಿದರೂ ಮುಗಿಯಲ್ಲ.

ಭಾನುವಾರನೂ ಬೇಡ. ರಜೆ ದಿನ ಜನ ತುಂಬಿರ್ತಾರೆ, ನೀವಿಬ್ಬರು ನಿಂತ ಕೂಡಲೇ ಹಿಂದೆ ಯಾರೋ ಸೆಲ್ಫಿ ತಗೋತಿರ್ತಾರೆ, ನೀನು ಮೊದಲೇ ನಾಚಿಕೆ ಸ್ವಭಾವದವಳು. ಬುಧವಾರನೋ ಗುರುವಾರನೋ ಇಟ್ಟುಕೊಳ್ಳಿ. ಕೋಟೆ ಪುರಾತತ್ವ ಇಲಾಖೆ ಕೈಯಲ್ಲಿದೆ. ಸುಮ್ನೆ ಮೊಬೈಲಲ್ಲಿ ತೆಗೆಯೋದು ಬೇರೆ, ಟ್ರೈಪಾಡ್, ಲೈಟು ಹಚ್ಚಿ ಶೂಟ್ ಮಾಡೋದು ಬೇರೆ, ಅದಕ್ಕೆ ಮೊದಲೇ ಅರ್ಜಿ ಕೊಟ್ಟು ಅನುಮತಿ ತಗೋಬೇಕು. ಫೋಟೋಗ್ರಾಫರ್ "ಅಲ್ಲಿ ಹೋಗಿ ನೋಡ್ಕೊಳ್ಳೋಣ" ಅಂದರೆ ಒಪ್ಪಬೇಡ. ಬಾಗಿಲು ಎಷ್ಟಕ್ಕೆ ತೆಗೀತಾರೆ, ರಂಗೀನ್ ಮಹಲ್ ತೆರೆದಿರುತ್ತಾ ಅನ್ನೋದನ್ನೂ ಈಗಲೇ ಕೇಳಿಸು. ಆ ಮಹಲಿನ ಗೋಡೇಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ, ಬೆಳಕು ಬಿದ್ದಾಗ ಮಿಂಚುತ್ತೆ. ಸಿಕ್ಕರೆ ಪುಣ್ಯ, ಆದರೆ ಬೀಗ ಹಾಕಿದ್ದರೆ ಬೇಜಾರಾಗಬೇಡ.

ಡ್ರೋನ್ ಮಾತು ಬಿಟ್ಟೇ ಬಿಡಿ. ಬೀದರಿನಲ್ಲಿ ವಾಯುಪಡೆ ನಿಲ್ದಾಣ ಇದೆ, ಸೂರ್ಯಕಿರಣ ವಿಮಾನಗಳು ಅಲ್ಲಿಂದಲೇ ಹಾರೋದು. ಪರವಾನಗಿ ಇಲ್ಲದೆ ಅಲ್ಲಿ ಡ್ರೋನ್ ಎತ್ತಿದರೆ ಮದುವೆ ಮನೆಯವರು ಪೊಲೀಸ್ ಠಾಣೆಗೆ ತಿರುಗಬೇಕಾಗುತ್ತೆ.

ಇನ್ನು ಬಟ್ಟೆ. ನೀನು ಕೆಂಪು ಲೆಹಂಗಾ ಅಂದೆ. ಕೋಟೆ ಕಟ್ಟಿರೋದೇ ಕೆಂಪು ಜಂಬಿಟ್ಟಿಗೆ ಕಲ್ಲಲ್ಲಿ, ಅದರ ಮುಂದೆ ಕೆಂಪು ನಿಂತರೆ ನೀನೂ ಗೋಡೆಯೂ ಒಂದೇ ಆಗ್ತೀರಿ. ವೈನಿ ಹತ್ತಿರ ಇರೋ ಆ ಹಸಿರು ಇಳಕಲ್ ಸೀರೆ ಉಡು. ಮೈ ಹಸಿರು, ಸೆರಗು ಮಾತ್ರ ಕೆಂಪು, ಅದರಲ್ಲಿ ಬಿಳಿ ತೆನೆ. ಆ ಕಲ್ಲಿನ ಮುಂದೆ ಅದು ಎದ್ದು ಕಾಣೋ ಹಾಗೆ ಯಾವ ಡಿಸೈನರ್ ಗೌನೂ ಕಾಣಲ್ಲ, ನಾನು ಬರೆದು ಕೊಡ್ತೀನಿ. ಪ್ರವೀಣ್ ಅವರಿಗೆ ಹಾಲುಬಿಳಿ ಬೇಡ, ಬಿಸಿಲಿಗೆ ಕಣ್ಣು ಕುಕ್ಕುತ್ತೆ, ಕೆನೆ ಬಣ್ಣದ ಕುರ್ತಾ ಇರಲಿ. ಒಂದು ಮಾತು ಅವರಿಗೆ ಈಗಲೇ ಹೇಳು. ಮೊಬೈಲು, ಪಾಕೀಟು, ಗಾಡಿ ಚಾವಿ ಎಲ್ಲಾ ಜೇಬಲ್ಲಿ ಇಟ್ಕೊಂಡು ನಿಲ್ತಾರೆ ಗಂಡಸರು, ಫೋಟೋದಲ್ಲಿ ತೊಡೆ ಮೇಲೆ ಗಂಟು ಬಂದ ಹಾಗೆ ಕಾಣುತ್ತೆ. ಅದೆಲ್ಲ ನಿನ್ನ ತಮ್ಮನ ಕೈಗೆ ಕೊಡಲಿ.

ಹೈ ಹೀಲ್ಸ್ ತರಲೇಬೇಡ. ಒಳಗೆ ನೆಲ ಎಲ್ಲ ಏರುಪೇರು, ಕಲ್ಲಿನ ಸಂದಿಗೆ ಹಿಮ್ಮಡಿ ಸಿಕ್ಕಿದರೆ ಮದುವೆಗೆ ಕುಂಟ್ತಾ ಬರಬೇಕಾಗುತ್ತೆ. ಚಪ್ಪಲಿ ಹೊಸದಾದರೆ ಇವತ್ತಿನಿಂದಲೇ ಮನೆಯಲ್ಲಿ ಹಾಕ್ಕೊಂಡು ಓಡಾಡು. ಮುಖಕ್ಕೆ ಹೊಸ ಕ್ರೀಮು, ಫೇಶಿಯಲ್ಲು ಈ ವಾರ ಏನೂ ಮಾಡಿಸಬೇಡ, ಕೆಂಪಾಗಿ ಗುಳ್ಳೆ ಎದ್ದರೆ ನನ್ನ ಕೈಯಲ್ಲೂ ಏನೂ ಆಗಲ್ಲ. ರಾತ್ರಿ ಬೇಗ ಮಲಗು, ಅಷ್ಟೇ.

ಬೆಳಕಿನ ಬಗ್ಗೆ ಸ್ವಲ್ಪ ಗಮನ ಕೊಟ್ಟು ಕೇಳು. ಈಗಿನ ದಿನಗಳಲ್ಲಿ ಬೀದರಿನಲ್ಲಿ ಹೊತ್ತು ಹುಟ್ಟೋದು ಆರೂವರೆ ಆಸುಪಾಸು. ಬಾಗಿಲು ತೆಗೆದ ಕೂಡಲೇ ಒಳಗಿರಿ, ಒಂಬತ್ತೂವರೆ ಒಳಗೆ ಮುಗಿಸಿ. ಬಿಸಿಲು ಏರಿದ ಮೇಲೆ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತೆ, ನಗೋಕೆ ಹೋದರೆ ಕಣ್ಣು ಮುಚ್ಚುತ್ತೆ. ತಡ ಆಯ್ತು ಅಂದ್ರೆ ಬಯಲಲ್ಲಿ ನಿಲ್ಲಬೇಡಿ, ಯಾವುದಾದರೂ ದರವಾಜೆಯ ಕಮಾನಿನ ಒಳಗೆ ಎರಡು ಹೆಜ್ಜೆ ನೆರಳಲ್ಲಿ ನಿಂತು ಹೊರಗಿನ ಕಡೆ ಮುಖ ಮಾಡಿ. ಹೊರಗಿನ ಬೆಳಕು ಮೆತ್ತಗೆ ಮುಖದ ಮೇಲೆ ಬೀಳುತ್ತೆ, ಹಿಂದೆ ಕತ್ತಲೆ ಇರುತ್ತೆ. ಲೈಟೇ ಬೇಡ. ಹುಲಿ ಕೆತ್ತಿರೋ ಶರ್ಜಾ ದರವಾಜಾ ಇದೆಯಲ್ಲ, ಅಲ್ಲಿ ಮಾಡಿಸು. ಚಳಿ ಇರುತ್ತೆ, ಶಾಲು ತಗೊಂಡು ಹೋಗು, ಎರಡು ಫೋಟೋ ನಡುವೆ ಹೊದ್ದುಕೋ. ಖಾಲಿ ಹೊಟ್ಟೆಲಿ ಹೋಗಬೇಡಿ, ಅವ್ವ ಸುಸಲಾ ಮಾಡಿ ಡಬ್ಬಿ ಕಟ್ಟಿ ಕೊಡ್ತಾಳೆ.

ಅಷ್ಟೂರಿಗೆ ಹೋಗಿ, ಆದರೆ ಶೂಟಿಗೆ ಅಲ್ಲ. ಅಲ್ಲಿರೋ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಗೋರಿಗೆ ಮುಸ್ಲಿಮರೂ ಬರ್ತಾರೆ, ನಮ್ಮ ಲಿಂಗಾಯತರೂ ಬರ್ತಾರೆ, ಅವನನ್ನೇ ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳೋ ಜನ ಇದ್ದಾರೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿ ಒಯ್ದವನೂ ಈ ಸುಲ್ತಾನನೇ. ನೀನೂ ಈಗ ಇಲ್ಲಿಂದ ಅಲ್ಲಿಗೇ ಹೋಗೋಳು, ಇಬ್ಬರೂ ಕೈ ಮುಗಿದು ಬನ್ನಿ. ಭಕ್ತರು ತಲೆ ಬಾಗೋ ಜಾಗದಲ್ಲಿ ಸೊಂಟ ಹಿಡ್ಕೊಂಡು ಪೋಸ್ ಕೊಡೋದು ನನಗಂತೂ ಸರಿ ಕಾಣಲ್ಲ.

ಇನ್ನೊಂದು ಜಾಗ ಬೇಕೇ ಬೇಕು ಅಂದ್ರೆ, ವಾಪಸ್ ಬರ್ತಾ ಕಮಲಾಪುರದ ಹತ್ತಿರ ಮಾಮಾನ ತೊಗರಿ ಹೊಲ ಇದೆ. ಈಗ ಹಳದಿ ಹೂ ಬಿಟ್ಟು ಕಾಯಿ ಹಿಡಿಯೋ ಹೊತ್ತು, ಸಂಜೆ ಐದರ ಬಿಸಿಲಿಗೆ ಇಡೀ ಹೊಲ ಬಂಗಾರ ಆಗುತ್ತೆ. 2019ರಲ್ಲಿ ಜಿಐ ಗುರುತು, ಅಂದ್ರೆ ಈ ಸೀಮೆಯದೇ ಅನ್ನೋ ಸರ್ಕಾರಿ ಮುದ್ರೆ, ಸಿಕ್ಕ ಬೆಳೆ ಇದು, ನಿಮ್ಮಪ್ಪ ನಿನ್ನ ಓದಿಸಿದ್ದೂ ಇದೇ ತೊಗರಿ ಮಾರಿ. ಆ ಫೋಟೋ ನಿನ್ನ ಮಕ್ಕಳಿಗೂ ತೋರಿಸಬಹುದು. ಆದರೆ ಮಾಮಾನಿಗೆ ಫೋನ್ ಮಾಡಿ ಕೇಳು, ಕಾಯಿಕೊರಕಕ್ಕೆ ಔಷಧ ಹೊಡೆದಿದ್ದರೆ ಆ ಕಡೆ ಹೋಗಲೇಬೇಡಿ. ಹೊಡೆದಿಲ್ಲ ಅಂದರೂ ಬದುವಿನ ಮೇಲೆ ನಿಲ್ಲಿ, ಬೆಳೆ ತುಳಿಯಬೇಡಿ.

ಕಾಕಾ, ನಿಮ್ಮ ಮಾತು ತೆಗೆದು ಹಾಕ್ತಿಲ್ಲ. ಮದುವೆಗೆ ಮುಂಚೆ ಇಬ್ಬರೇ ಹೋಗೋದು ನಿಮಗೆ ಸರಿ ಬರಲ್ಲ ಅಂತ ಗೊತ್ತು. ಇಬ್ಬರೇ ಹೋಗಲ್ಲ, ತಮ್ಮ ಜೊತೆಗಿರ್ತಾನೆ, ನಾನೂ ಇರ್ತೀನಿ. ನೋಡೋಕೆ ಬಂದ ದಿನ ಇವರಿಬ್ಬರು ಮಾತಾಡಿದ್ದು ಎಷ್ಟು ಹೊತ್ತು, ನೀವೇ ಹೇಳಿ? ಈ ನೆಪದಲ್ಲಿ ಒಂದು ದಿನ ಜೊತೆಗೆ ನಡೀತಾರೆ, ಒಬ್ಬರ ಸ್ವಭಾವ ಒಬ್ಬರಿಗೆ ಗೊತ್ತಾಗುತ್ತೆ. ಅದಕ್ಕಾಗಿಯೇ ನನಗೆ ಇದು ಬೇಕು ಅನ್ಸುತ್ತೆ, ಫೋಟೋ ಆಮೇಲೆ.

ಸುಮಾ, ದುಡ್ಡು ಪೂರ್ತಿ ಮೊದಲೇ ಕೊಡಬೇಡ. ಎಷ್ಟು ಫೋಟೋ ತಿದ್ದಿ ಕೊಡ್ತಾರೆ, ಯಾವತ್ತು ಕೊಡ್ತಾರೆ, ಕೇಳದೆ ಅವರ ಇನ್‌ಸ್ಟಾಗ್ರಾಮಿಗೆ ಹಾಕಬಾರದು ಅನ್ನೋದು, ಮೂರೂ ವಾಟ್ಸಾಪಲ್ಲಿ ಬರೆಸಿಕೋ. ನಿನಗೆ ಬೇಡ ಅನ್ಸೋ ಪೋಸಿಗೆ ಅಲ್ಲೇ ಬೇಡ ಅನ್ನು. ಪ್ರವೀಣ್ ಅವರಿಗೂ ಅದನ್ನೇ ಹೇಳು.

ನಾಳೆ ಒಳಗೆ ದಿನ ಪಕ್ಕಾ ಮಾಡಿ ಹೇಳು, ಹಿಂದಿನ ರಾತ್ರಿ ಬೀದರಿನಲ್ಲಿ ಮೌಶಿ ಮನೆಗೆ ಬಂದು ಉಳಿಯುತ್ತೇನೆ. ಹಸಿರು ಸೀರೆಯ ಬ್ಲೌಸ್ ನಿನಗೆ ಆಗುತ್ತಾ ಇವತ್ತೇ ಹಾಕಿ ನೋಡು, ಬಿಗಿ ಆದರೆ ಹೊಲಿಗೆ ಬಿಚ್ಚೋಕೆ ಟೇಲರಿಗೆ ಟೈಮ್ ಬೇಕಾಗುತ್ತೆ.