ತೆಳು ಪ್ಲಾಸ್ಟಿಕ್ ಕೌಲಿಂಗ್‌ಗೆ ಬಣ್ಣ: ತೂಕ ಏರದ ಹಾಗೆ ಹೇಗೆ?

ಬಾಲ್ಸಾ_ಮೈಸೂರು:
ರಬ್ಬರ್ ತಿರುಚಿ ಹಾರಿಸುವ ಮಾಡೆಲ್ ವಿಮಾನ, ಒಟ್ಟು 40 ಗ್ರಾಂ. ಕೌಲಿಂಗ್ (ಮೂಗಿನ ಕವಚ), ಚಕ್ರದ ಕವಚ ಎರಡೂ ತೆಳು ಸ್ಟೈರೀನ್ ಪ್ಲಾಸ್ಟಿಕ್. ಸ್ಪ್ರೇ ಡಬ್ಬಿಯ ಲ್ಯಾಕರ್ ಬಿದ್ದ ಕಡೆ ಪ್ಲಾಸ್ಟಿಕ್ ಸುಕ್ಕುಗಟ್ಟಿದೆ. ಹಳದಿ ಬೇಕು. ಏನು ಮಾಡಲಿ?

ಮಂಡ್ಯ_ಗ್ಲೈಡರ್:
ತಪ್ಪು ಬಣ್ಣದ್ದಲ್ಲ ಸಾರ್, ಥಿನ್ನರ್‌ದು. ಅದರಲ್ಲಿರುವ ಅಸಿಟೋನ್, ಟಾಲುಯಿನ್ ಥರದ್ದು ಸ್ಟೈರೀನನ್ನೇ ಕರಗಿಸುತ್ತೆ. ನೀರಿನ ಅಕ್ರಿಲಿಕ್ ಬಳಸಿ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆಯಿರಿ, ಬೆರಳಿನ ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತೆ. 800 ನಂಬರ್ ವಾಟರ್ ಪೇಪರ್ ಹಗುರವಾಗಿ ಆಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬಣ್ಣ ಹಾಲಿನಷ್ಟು ತೆಳುವಿರಲಿ, ಏರ್‌ಬ್ರಶ್‌ನ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್) ಗಾಳಿಯ ಒತ್ತಡ 15-20 ಪಿಎಸ್‌ಐ. ಮೊದಲ ಕೋಟ್ ಇಬ್ಬನಿ ಕೂತ ಹಾಗೆ ಸಾಕು. ಪ್ಲಾಸ್ಟಿಕ್ ಕಾಣ್ತಾ ಇದ್ದರೂ ಕೈ ತಡೀರಿ, 15 ನಿಮಿಷ ಬಿಟ್ಟು ಎರಡನೇದು.

ತಕ್ಕಡಿ_ರಾಯ:
ಹಳದಿ ಬಣ್ಣ ತಳವನ್ನು ಸರಿಯಾಗಿ ಮುಚ್ಚಲ್ಲ. ಅಡಿಗೆ ಒಂದು ತೆಳು ಬಿಳಿ ಕೊಡಿ, ಇಲ್ಲಾಂದ್ರೆ ಐದಾರು ಕೋಟ್ ಹೊಡೆದು ತೂಕ ಏರಿಸ್ಕೋತೀರ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮುಂಚೆ, ಆಮೇಲೆ ತೂಗಿ. ಕೌಲಿಂಗ್ ಕೊಂಚ ಭಾರವಾದರೂ ಚಿಂತೆಯಿಲ್ಲ, ಸಮತೋಲನಕ್ಕೆ ಮೂಗಿಗೆ ಹೇಗೂ ಜೇಡಿಮಣ್ಣು ಅಂಟಿಸ್ತೀವಲ್ಲ. ಬಾಲದಲ್ಲಿ ಮಾತ್ರ ಜಿಪುಣರಾಗಿ. ಪಾರದರ್ಶಕ ಭಾಗಕ್ಕಾದರೆ ಒಳಗಿನಿಂದ ಬಳಿಯಿರಿ. ಆಗ ಕ್ರಮ ತಿರುಗುಮುರುಗು, ಹಳದಿ ಮೊದಲು, ಬಿಳಿ ಆಮೇಲೆ.

ಬಾಲ್ಸಾ_ಮೈಸೂರು:
ಈ ಜಿಟಿಜಿಟಿ ಮಳೇಲಿ ಒಣಗುತ್ತಾ?

ಮಂಡ್ಯ_ಗ್ಲೈಡರ್:
ನಿಧಾನವಾಗಿ. ಹೇರ್ ಡ್ರೈಯರ್ ಹಿಡೀಬೇಡಿ, ತೆಳು ಕೌಲಿಂಗ್ ಸೊಟ್ಟಗಾಗುತ್ತೆ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ರಾತ್ರಿಯಿಡೀ ಇಡಿ. ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸೋದು ಮರುದಿನವೇ.