ಮುಖ ನೋಡಿ ಅನುಮಾನ ಪಡುವ ಡ್ಯೂಟಿ: ನನ್ನ ತಮ್ಮನ ಕೆಲಸದ ಬಗ್ಗೆ

ಸಾಂಬ್ರಾ ಹುಡುಗ:
ನನ್ನ ತಮ್ಮ ಏರ್‌ಪೋರ್ಟ್ ಕಾಯುವ ಸಿಐಎಸ್‌ಎಫ್ ಪಡೆಯಲ್ಲಿದ್ದಾನೆ. ಈಗ ಉತ್ತರದ ಕಡೆ ಒಂದು ದೊಡ್ಡ ಏರ್‌ಪೋರ್ಟ್‌ನಲ್ಲಿ ಪ್ರಯಾಣಿಕರ ನಡವಳಿಕೆ ನೋಡುವ ಡ್ಯೂಟಿ. ಸಾದಾ ಬಟ್ಟೆಯಲ್ಲಿ ನಿಂತಿರುತ್ತಾನೆ. ಬ್ಯಾಗ್ ನೋಡುವುದಲ್ಲ, ಬ್ಯಾಗ್ ಹಿಡಿದವರನ್ನು ನೋಡುವುದು. ನಾಯಿ ಕಂಡ ಕೂಡಲೇ ಯಾರು ಸಾಲು ಬಿಟ್ಟರು, ಯಾರು ಪದೇ ಪದೇ ಕ್ಯಾಮೆರಾ ಕಡೆ ನೋಡುತ್ತಾರೆ, ಸಾದಾ ಪ್ರಶ್ನೆಗೆ ಯಾರು ತಡವರಿಸುತ್ತಾರೆ, ಇದೆಲ್ಲ. ಊರಿಗೆ ಬಂದಾಗ ಗೆಳೆಯರು "ಸುಮ್ನೆ ನಿಂತು ಮಂದಿ ನೋಡೋದಕ್ಕೂ ಸಂಬಳಾನಾ?" ಅಂತಾರೆ. ನನಗೆ ಸಿಟ್ಟು ಬರುತ್ತದೆ. 2020ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಶೇಂಗಾ, ಬಿಸ್ಕಿಟ್, ಬೇಯಿಸಿದ ಮಾಂಸದ ತುಂಡಿನೊಳಗೆ ಸುಮಾರು 45 ಲಕ್ಷ ರೂಪಾಯಿಯ ವಿದೇಶಿ ನೋಟು ಅಡಗಿಸಿದವನನ್ನು ಹಿಡಿದರಲ್ಲ, ಮೊದಲು ಅನುಮಾನ ಬಂದದ್ದು ಅವನ ನಡವಳಿಕೆಯಿಂದ. ಶೇಂಗಾ ಸಿಪ್ಪೆ ಒಡೆದು ನೋಡಬೇಕು ಅಂತ ಮನುಷ್ಯನಿಗೇ ಹೊಳೆಯಬೇಕು.

ನವನಗರ ಮೇಡಂ:
ನಾನು ಬಾಗಲಕೋಟೆಯಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. "ಮನುಷ್ಯನಿಗೇ ಹೊಳೆಯಬೇಕು" ಅಂದಿರಲ್ಲ, ಅಲ್ಲೇ ತಪ್ಪು. ಬಾಂಡ್ ಮತ್ತು ಡಿಪಾಲೊ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ನೂರಾರು ಪ್ರಯೋಗಗಳ ಲೆಕ್ಕ ಒಟ್ಟು ಮಾಡಿದರು. ಎದುರಿನವರು ಸುಳ್ಳು ಹೇಳುತ್ತಿದ್ದಾರೋ ನಿಜವೋ ಅಂತ ಜನ ಸರಿಯಾಗಿ ಹೇಳಿದ್ದು ಶೇ. 54. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಅಮೆರಿಕದವರು 2007ರಿಂದ ಇದೇ ಕೆಲಸಕ್ಕೆ ಸುಮಾರು 90 ಕೋಟಿ ಡಾಲರ್ ಸುರಿದರು. ಅಲ್ಲಿನ ಸರ್ಕಾರದ ಲೆಕ್ಕ ನೋಡುವ ಜಿಎಒ 2013ರಲ್ಲಿ ಇದಕ್ಕೆ ದುಡ್ಡು ಕಡಿಮೆ ಮಾಡಿ ಅಂತ ವರದಿ ಕೊಟ್ಟಿತು.

ಬೈಲಹೊಂಗಲ ಹವಾಲ್ದಾರ್:
ನಾಣ್ಯ ಅಂದ್ರಾ ಮೇಡಂ? ನಾನು 22 ವರ್ಷ ನಾಕಾ ಡ್ಯೂಟಿ ಮಾಡಿದವನು. ಕಾಲೇಜು ಹುಡುಗರನ್ನು ರೂಮಿನಲ್ಲಿ ಕೂರಿಸಿ ಸುಳ್ಳು ಹೇಳಿಸುವುದು ಬೇರೆ, ಕಾರಿನ ಡಿಕ್ಕಿಯಲ್ಲಿ ಸ್ಫೋಟಕ ಇಟ್ಟುಕೊಂಡು ಬಂದವನ ಹಣೆ ಬೆವರುವುದು ಬೇರೆ. 1999ರ ಡಿಸೆಂಬರ್‌ನಲ್ಲಿ ಕೆನಡಾದಿಂದ ಅಮೆರಿಕಕ್ಕೆ ಬಂದ ಅಹಮದ್ ರೆಸಾಮ್‌ನನ್ನು ಕಸ್ಟಮ್ಸ್ ಹೆಣ್ಣುಮಗಳು ಹೇಗೆ ಹಿಡಿದಳು? ಅವನ ಚಡಪಡಿಕೆ ನೋಡಿ. ಅವನು ಬಾಂಬ್ ಇಡಲು ಹೊರಟಿದ್ದ ಲಾಸ್ ಏಂಜಲಿಸ್ ಏರ್‌ಪೋರ್ಟ್ ಉಳಿಯಿತು. 1986ರಲ್ಲಿ ಲಂಡನ್ನಿನ ಹೀಥ್ರೂನಲ್ಲಿ ಇಸ್ರೇಲಿನ ವಿಮಾನ ಕಂಪನಿ ಎಲ್ ಆಲ್‌ನ ಸಿಬ್ಬಂದಿ ಬಸುರಿ ಹೆಂಗಸಿನ ಬ್ಯಾಗಿನಲ್ಲಿ ಬಾಂಬ್ ಹಿಡಿದದ್ದೂ ಹಾಗೆಯೇ.

ನವನಗರ ಮೇಡಂ:
"ಹಾಗೆಯೇ" ಅಲ್ಲ ಸರ್. ಆ ಹೆಂಗಸಿಗೆ ಬ್ಯಾಗಿನಲ್ಲಿ ಬಾಂಬ್ ಇದ್ದದ್ದೇ ಗೊತ್ತಿರಲಿಲ್ಲ. ಮದುವೆಯಾಗುತ್ತೇನೆ ಅಂದವನು ಮೋಸ ಮಾಡಿ ಕೊಟ್ಟು ಕಳಿಸಿದ್ದ. ಗೊತ್ತೇ ಇಲ್ಲದವಳ ಮುಖದಲ್ಲಿ ಗಾಬರಿ ಎಲ್ಲಿಂದ ಬರಬೇಕು? ಅವರು ಕೂರಿಸಿ ಪ್ರಶ್ನೆ ಕೇಳಿದರು, ಬ್ಯಾಗ್ ಖಾಲಿ ಮಾಡಿದರೂ ಭಾರ ಇತ್ತು, ತಳ ಬಿಚ್ಚಿದರು. ಮುಖ ನೋಡಿ ಹಿಡಿದದ್ದಲ್ಲ.

ಸಾಂಬ್ರಾ ಹುಡುಗ:
ನೋಡಿ, "ಪ್ರಶ್ನೆ ಕೇಳಿದರು" ಅಂತ ನೀವೇ ಒಪ್ಪಿಕೊಂಡಿರಿ. ನನ್ನ ತಮ್ಮ ಮಾಡುವುದೂ ಅದೇ. ಎಲ್ಲಿಗೆ ಹೊರಟಿರಿ, ಬ್ಯಾಗ್ ಯಾರು ತುಂಬಿದರು ಅಂತ ಮಾತಾಡಿಸುತ್ತಾನೆ. ತಡವರಿಸಿದರೆ ಇನ್ನೊಂದು ಪ್ರಶ್ನೆ.

ಇಂಡಿ ಲಿಂಬಿ:
ತಡವರಿಸಿದರೆ! ಯಾವ ಭಾಷೆಯಲ್ಲಿ ಕೇಳಿದರೆ ತಡವರಿಸುವುದು ಅಂತ ಹೇಳಿ ಮೊದಲು. ನಮ್ಮ ಅವ್ವ ಮೊದಲ ಸಲ ವಿಮಾನ ಹತ್ತಲು ಹೋದಾಗ (ಯಾವ ಊರು ಅಂತ ಬೇಡ) ಒಬ್ಬ ಬಂದು ಹಿಂದಿಯಲ್ಲಿ ಏನೋ ಕೇಳಿದ. ಅವ್ವನಿಗೆ ಒಂದಕ್ಷರ ತಿಳಿಯಲಿಲ್ಲ. ರೊಟ್ಟಿ ಗಂಟು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಒಯ್ದಳು. ಮತ್ತೆ ಕೇಳಿದ, ಮತ್ತೆ ಸೊಂಟ ಮುಟ್ಟಿಕೊಂಡಳು. ಪಕ್ಕಕ್ಕೆ ಕರೆದುಕೊಂಡು ಹೋದರು. ಸೊಂಟದಲ್ಲಿ ಇದ್ದದ್ದು ಎಲೆ-ಅಡಿಕೆ ಸಂಚಿ, ಅದರಲ್ಲಿ ನಾಲ್ಕು ಸಾವಿರ ರೂಪಾಯಿ. ಜಾತ್ರೆಯಲ್ಲಿ, ಬಸ್ಸಿನಲ್ಲಿ ನಮ್ಮ ಹೆಂಗಸರು ಹೀಗೇ ಮುಟ್ಟಿ ನೋಡಿಕೊಳ್ಳುತ್ತಾರೆ. ವಿಜಯಪುರದ ಯಾವ ಕಂಡಕ್ಟರನಿಗೂ ಇದು ಗೊತ್ತು. ಆ ಆಫೀಸರನಿಗೆ ಗೊತ್ತಿರಲಿಲ್ಲ.

ಖಾನಾಪುರ ಕಾಡು:
"ಹಿಂದಿಯಲ್ಲಿ ಏನೋ ಕೇಳಿದ" ಅಂದ್ರೆ ಅವನ ತಪ್ಪೇನ್ರೀ? ಸಿಐಎಸ್‌ಎಫ್ ಕೇಂದ್ರದ ಪಡೆ. ಬಿಹಾರದವನನ್ನು ಇಲ್ಲಿಗೆ ಹಾಕುತ್ತಾರೆ, ನಮ್ಮವನನ್ನು ಅಲ್ಲಿಗೆ. ಎಲ್ಲದಕ್ಕೂ ಭಾಷೆ ತರಬೇಡಿ. ಬೆಳಗಾವಿಯಲ್ಲಿ ಹುಟ್ಟಿದ ನಮಗೆ ಈ ಜಗಳ ಸಾಕಾಗಿದೆ.

ಇಂಡಿ ಲಿಂಬಿ:
ಸಾಕಾಗಿದ್ದರೆ ಓದಬೇಡಿ. ನಾನು ಜಗಳಕ್ಕೆ ಭಾಷೆ ತಂದಿಲ್ಲ. ಕೆಲಸವೇ ಮಾತಾಡಿಸಿ ಅಳೆಯುವುದು ಅಂದಮೇಲೆ ಆ ಮಾತು ಗೊತ್ತಿರಬೇಕೋ ಬೇಡವೋ?

ಖಾನಾಪುರ ಕಾಡು:
ಹಾಗಾದರೆ ತಮಿಳಿನವರಿಗೆ ಒಬ್ಬ, ಮರಾಠಿಯವರಿಗೆ ಒಬ್ಬ, ಕೊಂಕಣಿಯವರಿಗೆ ಒಬ್ಬ ಅಂತ ಸಾಲಾಗಿ ನಿಲ್ಲಿಸುತ್ತೀರಾ? ಕೆಲಸಕ್ಕೆ ಬೇಕಾದಷ್ಟು ಹಿಂದಿ ಎಲ್ಲರಿಗೂ ಬರುತ್ತದೆ.

ಇಂಡಿ ಲಿಂಬಿ:
"ಎಲ್ಲರಿಗೂ ಬರುತ್ತದೆ"? ನಮ್ಮ ಅವ್ವ ಎಲ್ಲರೊಳಗೆ ಇಲ್ವಾ? 68 ವರ್ಷ ಹೊಲದಲ್ಲಿ ದುಡಿದವಳು. ಆವತ್ತು ರಾತ್ರಿ ತಂಗಿಯ ಮನೆಯಲ್ಲಿ ಊಟ ಮಾಡಲಿಲ್ಲ. "ನಾನೇನು ಕಳ್ಳಿ ಹಂಗ ಕಾಣ್ತೀನೇನು?" ಅಂತ ಒಂದೇ ಮಾತು ಕೇಳುತ್ತಿದ್ದಳು.

ಬೈಲಹೊಂಗಲ ಹವಾಲ್ದಾರ್:
ತಂಗೀ, ನಿಮ್ಮ ಅವ್ವನ ವಿಷಯಕ್ಕೆ ನನಗೂ ಬೇಜಾರು. ಆದರೆ ಹತ್ತು ನಿಮಿಷ ಪಕ್ಕಕ್ಕೆ ಕರೆದದ್ದಕ್ಕೆ ಇಷ್ಟು ಸಿಟ್ಟು ಯಾಕೆ? 1999ರಲ್ಲಿ ನಮ್ಮ ಐಸಿ-814 ವಿಮಾನ ಅಪಹರಣವಾಗಿ ಕಂದಹಾರಿಗೆ ಹೋಯಿತಲ್ಲ, ಆಮೇಲೇ ಏರ್‌ಪೋರ್ಟ್ ಕಾವಲಿಗೆ ಸಿಐಎಸ್‌ಎಫ್ ಬಂತು. ಆ ವಿಮಾನದಲ್ಲಿ ಕೂತವರನ್ನು ಕೇಳಿ, ಹತ್ತು ನಿಮಿಷ ಜಾಸ್ತಿಯೋ ಅಂತ.

ಇಂಡಿ ಲಿಂಬಿ:
ಹತ್ತು ನಿಮಿಷ ಅಂತ ನಾನು ಎಲ್ಲಿ ಹೇಳಿದೆ ಕಾಕಾ? ನಲವತ್ತು ನಿಮಿಷ. ವಿಮಾನ ತಪ್ಪುವುದರಲ್ಲಿತ್ತು.

ನವನಗರ ಮೇಡಂ:
ಭಾಷೆ ಬಿಡಿ, ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 2017ರಲ್ಲಿ ಜಿಎಒ ಮತ್ತೆ ನೋಡಿತು. ಅಮೆರಿಕದವರ ಪಟ್ಟಿಯಲ್ಲಿದ್ದ 36 ಲಕ್ಷಣಗಳಲ್ಲಿ 28ಕ್ಕೆ ಒಂದೂ ಗಟ್ಟಿ ಆಧಾರ ಸಿಗಲಿಲ್ಲ. 2020ರ ಜನವರಿಯಲ್ಲಿ ಮಂಗಳೂರು ಏರ್‌ಪೋರ್ಟ್‌ನಲ್ಲಿ ಸ್ಫೋಟಕದ ಬ್ಯಾಗ್ ಇಟ್ಟವನು ಬ್ಯಾಗ್ ಬಿಟ್ಟು ಆಟೋ ಹತ್ತಿ ಹೋದ. ಅವನ ಮುಖ ಯಾರಿಗೆ ಕಂಡಿತು? ಸಿಬ್ಬಂದಿಗೆ ಕಂಡದ್ದು ಬ್ಯಾಗ್.

ಸಾಂಬ್ರಾ ಹುಡುಗ:
"ಭಾಷೆ ಬಿಡಿ" ಅಂದ್ರೆ ಹೇಗೆ ಮೇಡಂ, ಇಂಡಿ ಅಕ್ಕನ ಮಾತು ನನಗೆ ನಾಟಿತು. ಆದರೆ ಕೆಲಸವೇ ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಮಂಗಳೂರಿನಲ್ಲೂ ಕಂಡದ್ದು ಮನುಷ್ಯನ ಕಣ್ಣಿಗೇ. ಎಂಟು ತಾಸು ನಿಂತು ನನ್ನ ತಮ್ಮನ ಹಿಮ್ಮಡಿ ಬಿರಿದಿದೆ. ದೀಪಾವಳಿಗೆ ರಜೆ ಸಿಗಲಿಲ್ಲ. ಅವನನ್ನು ನಾಣ್ಯಕ್ಕೆ ಹೋಲಿಸಬೇಡಿ.

ನವನಗರ ಮೇಡಂ:
ನಾನು ಹೋಲಿಸಿದ್ದು ವಿಧಾನವನ್ನು, ನಿಮ್ಮ ತಮ್ಮನನ್ನಲ್ಲ. 28ರ ಬಗ್ಗೆ ಹೇಳಿ.

ಬೈಲಹೊಂಗಲ ಹವಾಲ್ದಾರ್:
ಉಳಿದ ಎಂಟಕ್ಕೆ ಆಧಾರ ಸಿಕ್ಕಿತಲ್ಲ, ಅದನ್ನೂ ಹೇಳಿ ಮೇಡಂ. ಅರ್ಧ ಓದಿ ಬರಬೇಡಿ.

ಖಾನಾಪುರ ಕಾಡು:
ಸಂಚಿಯಲ್ಲಿ ದುಡ್ಡು ಇಡುವ ಬದಲು ಪರ್ಸ್ ಇಟ್ಟುಕೊಂಡಿದ್ದರೆ ಮುಗಿಯುತ್ತಿತ್ತು.

ಇಂಡಿ ಲಿಂಬಿ:
ನಮ್ಮ ಅವ್ವ ದುಡ್ಡು ಎಲ್ಲಿ ಇಡಬೇಕು ಅಂತ ನೀವು ಹೇಳಬೇಡಿ. ನಿಮ್ಮ ಜೊತೆ ಮಾತು ಮುಗಿಯಿತು. ಸಾಂಬ್ರಾ ತಮ್ಮಾ, ನಿಮಗೆ ಒಂದೇ ಪ್ರಶ್ನೆ. ನಿಮ್ಮ ತಮ್ಮನ ಎದುರು ಅಲ್ಲಿನ ಹಳ್ಳಿಯ ಮುದುಕಿ ಸೊಂಟ ಮುಟ್ಟಿಕೊಂಡರೆ ಅವನು ಏನು ಮಾಡುತ್ತಾನೆ?

ಸಾಂಬ್ರಾ ಹುಡುಗ:
ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಫೋನ್ ಮಾಡುತ್ತಾನೆ. ಇದನ್ನೇ ಕೇಳುತ್ತೇನೆ ಅಕ್ಕಾ. ಅವನು ಏನು ಅಂದನೋ ಅದನ್ನೇ ಇಲ್ಲಿ ಬರೆಯುತ್ತೇನೆ.